ತಜ್ಞರ ಉತ್ತರ: ಸುಣ್ಣಕಲ್ಲಿನ ನಿಕ್ಷೇಪದಲ್ಲಿ ನಾಲ್ಕನೆಯ ಬಾವಿ ಎಲ್ಲಿ?

ಪ್ರಶ್ನೆ: ನಾನು ತೈಲ ಕಂಪನಿಯೊಂದರಲ್ಲಿ ಮೂರು ವರ್ಷಗಳಿಂದ ಭೂವಿಜ್ಞಾನಿಯಾಗಿದ್ದೇನೆ. ನಮ್ಮ ನಿಕ್ಷೇಪವು ಸುಣ್ಣಕಲ್ಲು ಮತ್ತು ಡಾಲಮೈಟ್ (ಮೆಗ್ನೀಸಿಯಮ್ ಬೆರೆತ ಸುಣ್ಣಕಲ್ಲಿನಂಥ ಬಂಡೆ) ಪದರಗಳು ಕಮಾನಿನಂತೆ ಬಾಗಿ ಎದ್ದಿರುವ ಒಂದು ಮಡಿಕೆ. ಬಂಡೆಯ ಸರಂಧ್ರತೆ (ರಂಧ್ರಗಳ ಪಾಲು) ಶೇಕಡಾ 4ರಿಂದ 6, ಪರ್ಮಿಯಬಿಲಿಟಿ (ದ್ರವವನ್ನು ಹಾಯಗೊಡುವ ಗುಣ, ಅಳೆಯುವುದು ಮಿಲಿಡಾರ್ಸಿಯಲ್ಲಿ) 1 ಮಿಲಿಡಾರ್ಸಿಗಿಂತ ಕಡಿಮೆ. ಹಾಗಾಗಿ ಬಿರುಕು ಸಿಕ್ಕರಷ್ಟೇ ಬಾವಿ ಹರಿಯುತ್ತದೆ. ಈವರೆಗೆ ಮೂರು ಲಂಬ ಬಾವಿಗಳನ್ನು ಕೊರೆದಿದ್ದೇವೆ. ಮೊದಲನೆಯದು ಮಡಿಕೆಯ ಪಕ್ಕೆಯಲ್ಲಿದೆ. ಕೊರೆಯುವಾಗಲೇ ಮಡ್ (ಬಾವಿಯಲ್ಲಿ ತುಂಬುವ ಕೆಸರಿನಂಥ ದ್ರವ) ಎಲ್ಲ ಬಂಡೆಯೊಳಗೆ ಸೋರಿಹೋಯಿತು, ಈಗ ಎಣ್ಣೆ ಚೆನ್ನಾಗಿ ಬರುತ್ತಿದೆ. ಎರಡನೆಯದನ್ನು ವಕ್ರತೆಯ ನಕ್ಷೆಯಲ್ಲಿ ಅತಿ ಹೆಚ್ಚು ಬಾಗು ಕಂಡ ನೆತ್ತಿಯ ಮೇಲೆಯೇ ಕೊರೆದೆವು. ಕೊರೆದು ಮೇಲೆತ್ತಿದ ಬಂಡೆಯ ಕಂಬ, ಅಂದರೆ 27 ಮೀಟರ್ ಕೋರ್ ತುಂಬ ಬಿರುಕುಗಳಿವೆ, ಆದರೆ ಬಹುಪಾಲು ಸುಣ್ಣಕಲ್ಲಿನದೇ ಖನಿಜವಾದ ಬಿಳಿ ಕ್ಯಾಲ್ಸೈಟ್‌ನಿಂದ ಮುಚ್ಚಿಹೋಗಿವೆ, ಉತ್ಪಾದನೆ ಇಲ್ಲವೆನ್ನುವಷ್ಟು. ಮೂರನೆಯ ಬಾವಿಯಲ್ಲಿ ಕೋರ್ ತೆಗೆದಿಲ್ಲ. ಬಾವಿಯ ಗೋಡೆಯ ಚಿತ್ರ ಕೊಡುವ ಇಮೇಜ್ ಲಾಗ್‌ನಲ್ಲಿ ಬೆರಳೆಣಿಕೆಯ ಬಿರುಕುಗಳು ಮಾತ್ರ ಕಂಡವು, ಆದರೂ ಅದು ಒಳ್ಳೆಯ ಹರಿವಿನಿಂದ ಶುರುವಾಗಿ ಎಂಟೇ ತಿಂಗಳಿಗೆ ನೀರು ಕಕ್ಕತೊಡಗಿತು. ಈಗ ಮೇಲಧಿಕಾರಿಗಳು ನಾಲ್ಕನೆಯ ಬಾವಿಗಾಗಿ ಬಿರುಕು ಸಾಂದ್ರತೆಯ ನಕ್ಷೆ ಕೇಳುತ್ತಿದ್ದಾರೆ. ಯಂತ್ರಕಲಿಕೆಯ ಮೂಲಕ ಸೀಸ್ಮಿಕ್ (ನೆಲದೊಳಗೆ ಕಳುಹಿಸಿದ ಕಂಪನದ ಅಲೆಗಳ ಪ್ರತಿಫಲನದ) ದತ್ತಾಂಶದಲ್ಲೇ ಬಿರುಕುಗಳನ್ನು ತೋರಿಸುತ್ತೇವೆ ಎಂದು ಒಂದು ಸಾಫ್ಟ್‌ವೇರ್ ಸಂಸ್ಥೆ ಹೇಳುತ್ತಿದೆ. ವಕ್ರತೆಯ ನಕ್ಷೆ ಏಕೆ ಸುಳ್ಳಾಯಿತು? ಯಾವುದನ್ನು ನಂಬಬೇಕು? ಮುಂದಿನ ಬಾವಿಯನ್ನು ಎಲ್ಲಿ, ಹೇಗೆ ಕೊರೆಯಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನೀವು ಕೇಳಿರುವುದು ಬಿರುಕುಗಳು ಎಲ್ಲಿವೆ ಎಂದು. ನಿಮ್ಮನ್ನು ನಿಜವಾಗಿ ಕಾಡುತ್ತಿರುವ ಪ್ರಶ್ನೆ ಬೇರೆ ಎಂದು ನನಗೆ ಅನ್ನಿಸುತ್ತದೆ. ಬಿರುಕು ಹೇರಳವಾಗಿದ್ದ ಬಾವಿ ಒಣಗಿತು, ಬಿರುಕು ವಿರಳವಾಗಿದ್ದ ಬಾವಿ ಹರಿಯಿತು. ಹಾಗಿದ್ದ ಮೇಲೆ ಬಿರುಕುಗಳ ನಕ್ಷೆ ಬರೆದು ಪ್ರಯೋಜನವೇನು? ಈ ಸಂಶಯ ಸರಿಯಾದದ್ದು. ಅದನ್ನು ಅದುಮಿಡದೆ ಮೇಲಧಿಕಾರಿಗಳ ಮುಂದೆ ಇಡಿ ಎಂಬುದೇ ನನ್ನ ಮೊದಲ ಸಲಹೆ.

ಒಂದು ಸಣ್ಣ ಲೆಕ್ಕದಿಂದ ಆರಂಭಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಎರಡು ನುಣುಪಾದ ಗೋಡೆಗಳ ನಡುವಿನ ಸೀಳಿನಲ್ಲಿ ದ್ರವ ಹರಿಯುವ ಪ್ರಮಾಣವು ಸೀಳಿನ ಅಗಲದ ಘನಕ್ಕೆ ಅನುಗುಣವಾಗಿರುತ್ತದೆ. ಅಗಲ ಎರಡರಷ್ಟಾದರೆ ಹರಿವು ಎಂಟರಷ್ಟಾಗುತ್ತದೆ. ಅಗಲ ಹತ್ತರಷ್ಟಾದರೆ ಹರಿವು ಸಾವಿರದಷ್ಟಾಗುತ್ತದೆ. ಅಂದರೆ 0.1 ಮಿಲಿಮೀಟರ್ ಅಗಲದ ಒಂದೇ ಒಂದು ಬಿರುಕು ಸಾಗಿಸುವಷ್ಟು ಎಣ್ಣೆಯನ್ನು ಸಾಗಿಸಲು 0.01 ಮಿಲಿಮೀಟರ್ ಅಗಲದ ಸಾವಿರ ಬಿರುಕುಗಳು ಬೇಕು. ನಿಜವಾದ ಬಿರುಕಿನ ಗೋಡೆ ಒರಟಾಗಿರುವುದರಿಂದ ಅಂಕಿ ಸ್ವಲ್ಪ ತಗ್ಗಬಹುದು, ಅಂತರದ ಸ್ವರೂಪ ಮಾತ್ರ ಹೀಗೆಯೇ ಇರುತ್ತದೆ. ಸಾಂದ್ರತೆಯ ನಕ್ಷೆಯಲ್ಲಿ ಈ ಸಾವಿರ ಬಿರುಕುಗಳು ಸಾವಿರವಾಗಿ ಕಾಣುತ್ತವೆ, ಆ ಒಂದು ಒಂದಾಗಿಯೇ ಕಾಣುತ್ತದೆ. ನಿಮ್ಮ ಎರಡನೆಯ ಮತ್ತು ಮೂರನೆಯ ಬಾವಿಗಳ ನಡುವಿನ ವಿರೋಧಾಭಾಸ ಅರ್ಧಕ್ಕರ್ಧ ಇಲ್ಲೇ ಬಿಡಿಸಿಕೊಳ್ಳುತ್ತದೆ.

ಇದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. 0.1 ಮಿಲಿಮೀಟರ್ ಅಗಲದ ಬಿರುಕುಗಳು ಮೀಟರಿಗೊಂದರಂತೆ ಸಾಲಾಗಿವೆ ಎಂದುಕೊಳ್ಳಿ. ಆಗ ಇಡೀ ಬಂಡೆಗೆ, ಬಿರುಕಿನ ದಿಕ್ಕಿನಲ್ಲಿ, ಸುಮಾರು 84 ಮಿಲಿಡಾರ್ಸಿ ಪರ್ಮಿಯಬಿಲಿಟಿ ಬರುತ್ತದೆ. ನಿಮ್ಮ ಬಂಡೆಯ 1 ಮಿಲಿಡಾರ್ಸಿಯ ಪಕ್ಕದಲ್ಲಿ ಇದು ಹೆದ್ದಾರಿ. ಆದರೆ ಆ ಬಿರುಕುಗಳು ಕೊಡುವ ಸರಂಧ್ರತೆ ಎಷ್ಟು ಗೊತ್ತೇ? ಶೇಕಡಾ 0.01. ಎಣ್ಣೆ ಕುಳಿತಿರುವುದು ಬಂಡೆಯ ಸೂಕ್ಷ್ಮ ರಂಧ್ರಗಳಲ್ಲಿ, ಅದು ಹೊರಬರುವ ದಾರಿ ಬಿರುಕು. ಭೂವಿಜ್ಞಾನಿ ರೊನಾಲ್ಡ್ ನೆಲ್ಸನ್ ಬಿರುಕುಬಿಟ್ಟ ನಿಕ್ಷೇಪಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ನಿಮ್ಮದು ಅದರ ಎರಡನೆಯ ಬಗೆಗೆ ಸೇರುತ್ತದೆ: ಸಂಗ್ರಹ ಬಂಡೆಯದು, ಸಾಗಣೆ ಬಿರುಕಿನದು. ಇಲ್ಲಿ ಬಾವಿಯ ಮೊದಲ ತಿಂಗಳ ಉತ್ಪಾದನೆ ಬಿರುಕಿನ ಬಗ್ಗೆ ಹೇಳುತ್ತದೆಯೇ ಹೊರತು ನಿಕ್ಷೇಪ ಎಷ್ಟು ದೊಡ್ಡದು ಎಂದು ಹೇಳುವುದಿಲ್ಲ. 1927ರಲ್ಲಿ ಇರಾಕಿನ ಕಿರ್ಕೂಕ್ ಬಳಿಯ ಬಾಬಾ ಗುರ್ಗುರ್ ಬಾವಿ ಸಿಡಿದಾಗ ದಿನಕ್ಕೆ ಸುಮಾರು 95,000 ಬ್ಯಾರೆಲ್ ಎಣ್ಣೆ ಹತೋಟಿಗೆ ಸಿಗದೆ ಚಿಮ್ಮಿತ್ತು. ಅಲ್ಲಿ ಆ ರಭಸದ ಹಿಂದೆ ದೈತ್ಯ ನಿಕ್ಷೇಪವೂ ಇತ್ತು. ಎಲ್ಲ ಕಡೆಯೂ ಹಾಗಿರುವುದಿಲ್ಲ.

ಈಗ ವಕ್ರತೆಯ ವಿಷಯಕ್ಕೆ ಬರುತ್ತೇನೆ. ಬಾಗಿದ ಕಡೆ ಬಂಡೆ ಹೆಚ್ಚು ಒಡೆದಿರುತ್ತದೆ ಎಂಬ ನಂಬಿಕೆ ನಮ್ಮ ವೃತ್ತಿಯಲ್ಲಿ ಬಹಳ ಹಳೆಯದು. ಕೆಲಸಕ್ಕೆ ಸೇರಿದ ಆರಂಭದ ವರ್ಷಗಳಲ್ಲಿ ನಾನೂ ಅದನ್ನು ಹಾಗೆಯೇ ಒಪ್ಪಿಕೊಂಡು ನಕ್ಷೆ ಬರೆದಿದ್ದೇನೆ, ಆ ನಕ್ಷೆಯ ಮೇಲೆ ಕೊರೆದ ಬಾವಿ ಒಣಗಿದ್ದನ್ನು ಕಂಡು ಎಷ್ಟೋ ದಿನ ನೊಂದಿದ್ದೇನೆ. ಆ ನಂಬಿಕೆ ಪೂರ್ತಿ ಸುಳ್ಳಲ್ಲ. ಅದು ಒಂದು ಷರತ್ತಿನ ಮೇಲೆ ಮಾತ್ರ ನಿಜ, ಆ ಷರತ್ತನ್ನು ನಕ್ಷೆ ತೋರಿಸುವುದಿಲ್ಲ.

ಹಾಳೆಗಳನ್ನು ಅಂಟಿಸಿ ಒಂದೇ ಹಲಗೆಯಾಗಿಸಿದ ಪುಸ್ತಕವನ್ನು ಬಾಗಿಸಲು ಹೋದರೆ ಅದು ಮೇಲ್ಮೈಯಲ್ಲಿ ಒಡೆಯುತ್ತದೆ. ಅಂಟಿಲ್ಲದ ಪುಸ್ತಕವನ್ನು ಅಷ್ಟೇ ಬಾಗಿಸಿದರೆ ಹಾಳೆಗಳು ಒಂದರ ಮೇಲೊಂದು ಜಾರುತ್ತವೆ, ಯಾವುದೂ ಹರಿಯುವುದಿಲ್ಲ. ಬಂಡೆಯಲ್ಲೂ ಹಾಗೆಯೇ. ಬಾಗಿದ ಹಲಗೆಯ ಹೊರಮೈ ಎಷ್ಟು ಹಿಗ್ಗಬೇಕು ಎಂಬುದನ್ನು ತಿಳಿಯಲು ಅದರ ದಪ್ಪದ ಅರ್ಧವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಿದರೆ ಸಾಕು. ತ್ರಿಜ್ಯ 2 ಕಿಲೋಮೀಟರ್ ಇದ್ದು, 200 ಮೀಟರ್ ದಪ್ಪದ ಸುಣ್ಣಕಲ್ಲು ಒಂದೇ ಹಲಗೆಯಾಗಿ ಬಾಗಿದ್ದರೆ ಹೊರಮೈ ಶೇಕಡಾ 5ರಷ್ಟು ಹಿಗ್ಗಬೇಕು. ಯಾವ ಸುಣ್ಣಕಲ್ಲೂ ಅದನ್ನು ಒಡೆಯದೆ ತಾಳಿಕೊಳ್ಳುವುದಿಲ್ಲ. ಅದೇ 200 ಮೀಟರ್ ತೆಳು ಜೇಡಿ ಪದರಗಳಿಂದ ಬೇರ್ಪಟ್ಟು ಒಂದೊಂದು ಮೀಟರಿನ ಹಾಳೆಗಳಾಗಿ ಜಾರಿದ್ದರೆ ಹಿಗ್ಗುವಿಕೆ ಶೇಕಡಾ 0.025 ಮಾತ್ರ. ಎರಡು ಲೆಕ್ಕಗಳ ನಡುವೆ ಇನ್ನೂರು ಪಟ್ಟು ವ್ಯತ್ಯಾಸವಿದೆ. ಸೀಸ್ಮಿಕ್ ನಕ್ಷೆಯಲ್ಲಿ ಎರಡೂ ಒಂದೇ ಬಣ್ಣದಲ್ಲಿ ಕಾಣುತ್ತವೆ. ನಿಮ್ಮ ಕೋರ್‌ನಲ್ಲಿ ಪದರಗಳ ನಡುವೆ ನುಣ್ಣಗೆ ಉಜ್ಜಿ ಹೊಳೆಯುವ ಜಾರುಮೈಗಳು ಇವೆಯೇ ನೋಡಿ. ಇದ್ದರೆ ನಿಮ್ಮ ಮಡಿಕೆ ಬಹುಮಟ್ಟಿಗೆ ಜಾರುವ ಮೂಲಕವೇ ಬಾಗಿದೆ, ನೆತ್ತಿಯ ಮೇಲೆ ಹಿಗ್ಗಿದ್ದು ಅಲ್ಪ.

ಎರಡನೆಯ ತೊಡಕು ಕಾಲದ್ದು. ಮಡಿಕೆ ಏಳುವ ಎಷ್ಟೋ ಮೊದಲೇ, ಪದರಗಳು ಮಟ್ಟಸವಾಗಿದ್ದಾಗಲೇ, ಹೂತುಹೋಗುವ ಭಾರಕ್ಕೂ ದೂರದ ಒತ್ತಡಕ್ಕೂ ಬಂಡೆ ಒಡೆದಿರುತ್ತದೆ. ಇಂಥ ಪ್ರಾದೇಶಿಕ ಬಿರುಕುಗಳು ನೂರಾರು ಕಿಲೋಮೀಟರ್ ಉದ್ದಕ್ಕೂ ಒಂದೇ ದಿಕ್ಕಿನಲ್ಲಿ ಸಾಗುತ್ತವೆ. ಕೆಳಗೆ ಮಡಿಕೆ ಇದೆಯೋ ಇಲ್ಲವೋ ಎಂಬುದಕ್ಕೂ ಅವುಗಳಿಗೂ ಸಂಬಂಧವಿಲ್ಲ. ಮಡಿಕೆ ಎದ್ದಾಗ ಹೊಸದಾಗಿ ಒಡೆಯುವ ಬದಲು ಬಂಡೆ ಆ ಹಳೆಯ ಸೀಳುಗಳನ್ನೇ ತೆರೆದೋ ಜಾರಿಸಿಯೋ ಸುಮ್ಮನಾಗಬಹುದು. ನಿಮ್ಮ ಇಮೇಜ್ ಲಾಗ್‌ನ ಬಿರುಕುಗಳನ್ನು ಪದರಗಳ ಓರೆಯೊಂದಿಗೆ ಹಿಂದಕ್ಕೆ ತಿರುಗಿಸಿ ಮಟ್ಟಸ ಸ್ಥಿತಿಗೆ ತನ್ನಿ. ಮೂರೂ ಬಾವಿಗಳ ಬಿರುಕುಗಳು ಆಗ ಒಂದೇ ದಿಕ್ಕಿಗೆ ಬಂದು ಪದರಕ್ಕೆ ಲಂಬವಾಗಿ ನಿಂತರೆ ಅವು ಮಡಿಕೆಗಿಂತ ಹಳೆಯವು. ಅರ್ಧ ದಿನದ ಕೆಲಸ ಇದು. ಇದನ್ನು ಮಾಡದೆ ವಕ್ರತೆಯ ನಕ್ಷೆಯನ್ನು ಯಾರ ಮುಂದೆಯೂ ಇಡಬೇಡಿ.

ಇನ್ನು ಕ್ಯಾಲ್ಸೈಟ್. ಸುಣ್ಣಕಲ್ಲಿನ ಬಿರುಕು ಮರಳುಗಲ್ಲಿನ ಬಿರುಕಿನಂತಲ್ಲ, ಬಂಡೆಯೇ ಕರಗುತ್ತದೆ, ಬಂಡೆಯೇ ಮತ್ತೆ ಹರಳಾಗಿ ಕೂರುತ್ತದೆ. ಒಂದು ಕಾಲದಲ್ಲಿ ತೆರೆದಿದ್ದ ಬಿರುಕು ನೀರು ಹಾದುಹೋದಂತೆಲ್ಲ ಕ್ಯಾಲ್ಸೈಟ್‌ನಿಂದ ತುಂಬಿಕೊಳ್ಳುತ್ತದೆ. ಕಿರಿದಾದವು ಮೊದಲು ಮುಚ್ಚುತ್ತವೆ. ಅಗಲವಾದವುಗಳಲ್ಲಿ ಹರಳುಗಳು ಗೋಡೆಯಿಂದ ಗೋಡೆಗೆ ಅಲ್ಲಲ್ಲಿ ಸೇತುವೆ ಕಟ್ಟಿ ನಡುವೆ ಖಾಲಿ ಜಾಗ ಬಿಡುತ್ತವೆ. ಆ ಸೇತುವೆಗಳೇ ಮುಂದೆ ಒತ್ತಡ ಹೆಚ್ಚಿದಾಗ ಬಿರುಕು ಮುಚ್ಚಿಕೊಳ್ಳದಂತೆ ಆಧಾರವಾಗಿ ನಿಲ್ಲುತ್ತವೆ. ಆದ್ದರಿಂದ ಕೋರ್‌ನಲ್ಲಿ ಕಿರು ಬಿರುಕುಗಳೆಲ್ಲ ಬಿಳಿಯಾಗಿವೆ ಎಂಬ ಮಾತ್ರಕ್ಕೆ ಆ ಜಾಗದ ಅಗಲ ಬಿರುಕುಗಳೂ ಮುಚ್ಚಿವೆ ಎಂದು ತೀರ್ಮಾನಿಸಬೇಡಿ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು, ಏಕೆಂದರೆ ಇದನ್ನು ಮರೆತು ಕೆಟ್ಟ ನಿರ್ಧಾರ ಕೈಗೊಂಡವರನ್ನು ಬಹಳ ನೋಡಿದ್ದೇನೆ. 27 ಮೀಟರ್ ಕೋರ್ ತೆಗೆದೆವು ಎನ್ನುತ್ತೀರಿ. ಪೆಟ್ಟಿಗೆಯಲ್ಲಿ ಈಗ ಎಷ್ಟು ಮೀಟರ್ ಇದೆ? ಹರಿಯುವ ದೊಡ್ಡ ಬಿರುಕು ಇರುವ ಜಾಗದಲ್ಲಿ ಕೋರ್ ಪುಡಿಯಾಗುತ್ತದೆ, ಸಿಕ್ಕಿಕೊಳ್ಳುತ್ತದೆ, ಕೆಲವೊಮ್ಮೆ ಮೇಲೆ ಬರುವುದೇ ಇಲ್ಲ. ಗಟ್ಟಿಯಾಗಿ ಕೈಗೆ ಸಿಗುವುದು ಕ್ಯಾಲ್ಸೈಟ್ ಬೆಸೆದ ಭಾಗ. ಹೀಗೆ ಕೋರ್ ತನ್ನಷ್ಟಕ್ಕೇ ಮುಚ್ಚಿದ ಬಿರುಕುಗಳ ಪರವಾಗಿ ಸಾಕ್ಷಿ ಹೇಳುತ್ತದೆ. ಕಾಣೆಯಾದ ತುಣುಕುಗಳ ಆಳವನ್ನು ಬರೆದಿಟ್ಟುಕೊಂಡು, ಅದೇ ಆಳದಲ್ಲಿ ಕೊರೆಯುವ ವೇಗ ಏರಿತ್ತೇ, ಮಡ್ ಇಳಿದಿತ್ತೇ, ಬಾವಿಯ ಅಗಲ ಅಳೆಯುವ ಕ್ಯಾಲಿಪರ್ ಹಿಗ್ಗಿತ್ತೇ ಎಂದು ತಾಳೆ ನೋಡಿ.

ಲಂಬ ಬಾವಿ ನಮಗೆ ಮಾಡುವ ಇನ್ನೊಂದು ವಂಚನೆಯೂ ಇದೆ. ಕೆಲವು ಕಿಲೋಮೀಟರ್ ಆಳದಲ್ಲಿ ಕನಿಷ್ಠ ಒತ್ತಡ ಸಾಮಾನ್ಯವಾಗಿ ಅಡ್ಡ ದಿಕ್ಕಿನಲ್ಲಿ ಇರುವುದರಿಂದ ತೆರೆದ ಬಿರುಕುಗಳು ಹೆಚ್ಚು ಕಡಿಮೆ ಲಂಬವಾಗಿ ನಿಂತಿರುತ್ತವೆ. ಎಂಟೂವರೆ ಇಂಚಿನ, ಅಂದರೆ ಸುಮಾರು 0.22 ಮೀಟರಿನ ಲಂಬ ಬಾವಿಯನ್ನು ಐದು ಮೀಟರಿಗೊಂದರಂತೆ ನಿಂತ ಲಂಬ ಬಿರುಕುಗಳ ನಡುವೆ ಇಳಿಸಿದರೆ ಅದು ಒಂದನ್ನಾದರೂ ಮುಟ್ಟುವ ಸಂಭವ ಶೇಕಡಾ 4ರ ಆಸುಪಾಸು. ಉಳಿದ 96 ಸಲ ನೀವು ಎರಡು ಬಿರುಕುಗಳ ನಡುವೆ ಸದ್ದಿಲ್ಲದೆ ಇಳಿದುಹೋಗುತ್ತೀರಿ, ವರದಿಯಲ್ಲಿ ಬಿರುಕಿಲ್ಲ ಎಂದು ಬರೆಯುತ್ತೀರಿ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎಂಬ ಮಾತು ಈ ಬಂಡೆಗೆ ಒಪ್ಪುವುದಿಲ್ಲ. ಬಿರುಕಿಗೂ ಬಾವಿಗೂ ಇರುವ ಕೋನವನ್ನು ಹಿಡಿದು ಎಣಿಕೆಯನ್ನು ತಿದ್ದುವ ವಿಧಾನವನ್ನು ಭೂವಿಜ್ಞಾನಿ ರೂತ್ ಟೆರ್ಜಾಗಿ 1965ರಲ್ಲೇ ಕೊಟ್ಟಿದ್ದಾರೆ. ಅದನ್ನು ಖಂಡಿತ ಬಳಸಿ. ಆದರೆ ಬಾವಿಗೆ ಬಹುತೇಕ ಸಮಾನಾಂತರವಾಗಿರುವ ಬಿರುಕುಗಳಲ್ಲಿ ಆ ತಿದ್ದುಪಡಿಯೂ ಅನಂತದತ್ತ ಓಡುತ್ತದೆ. ಒಂದು ಬಿರುಕು ಸಿಕ್ಕರೆ ಐವತ್ತು ಎನ್ನುತ್ತದೆ, ಸೊನ್ನೆ ಸಿಕ್ಕರೆ ಸೊನ್ನೆ ಎಂದೇ ಹೇಳುತ್ತದೆ.

ಎಣಿಸುವಾಗ ಬೇರೆ ಎಚ್ಚರಗಳೂ ಬೇಕು. ಕೊರೆಯುವ ಕ್ರಿಯೆಯೇ ಬಂಡೆಯನ್ನು ಸೀಳುತ್ತದೆ. ಇಮೇಜ್ ಲಾಗ್‌ನಲ್ಲಿ ಬಾವಿಯ ಎರಡು ಎದುರುಬದುರು ಗೋಡೆಗಳ ಮೇಲೆ ಉದ್ದಕ್ಕೆ ಇಳಿಯುವ ಸಣ್ಣ ಗೆರೆಗಳು ಬಹುಪಾಲು ಹೀಗೆ ಹುಟ್ಟಿದವು. ಅವು ಗರಿಷ್ಠ ಅಡ್ಡ ಒತ್ತಡದ ದಿಕ್ಕನ್ನು ತೋರಿಸುವುದರಿಂದ ಅಮೂಲ್ಯ, ಆದರೆ ನೈಸರ್ಗಿಕ ಬಿರುಕುಗಳ ಪಟ್ಟಿಗೆ ಸೇರಬಾರದು. ನೀರಿನಿಂದ ಮಾಡಿದ ಮಡ್‌ನಲ್ಲಿ ತೆಗೆದ ವಿದ್ಯುತ್ ಇಮೇಜ್‌ನಲ್ಲಿ ತೆರೆದ ಬಿರುಕು ಕಪ್ಪಾಗಿಯೂ ಕ್ಯಾಲ್ಸೈಟ್ ತುಂಬಿದ್ದು ಬೆಳ್ಳಗೂ ಕಾಣುತ್ತದೆ. ಹಾಗೆಂದು ಕಪ್ಪಾದದ್ದೆಲ್ಲ ತೆರೆದದ್ದಲ್ಲ, ಜೇಡಿ ಅಥವಾ ಪೈರೈಟ್ ತುಂಬಿದ ಬಿರುಕೂ ಕಪ್ಪೇ.

ಬಂಡೆಯ ಸ್ವಭಾವದ ಬಗ್ಗೆ ಎರಡು ಮಾತು. ಸಾಮಾನ್ಯವಾಗಿ ಡಾಲಮೈಟ್ ಸುಣ್ಣಕಲ್ಲಿಗಿಂತ ಹೆಚ್ಚು ಒಡೆಯುತ್ತದೆ. ಸರಂಧ್ರತೆ ಕಡಿಮೆಯಿದ್ದು ಕಣ ಸಣ್ಣದಾದಷ್ಟೂ ಬಂಡೆ ಪೆಡಸು. ತೆಳು ಪದರದಲ್ಲಿ ಬಿರುಕುಗಳು ಒತ್ತೊತ್ತಾಗಿ, ದಪ್ಪ ಪದರದಲ್ಲಿ ದೂರ ದೂರವಾಗಿ ಹುಟ್ಟುತ್ತವೆ. ಜೇಡಿ ಪದರ ಸಿಕ್ಕ ಕಡೆ ಸಾಧಾರಣ ಬಿರುಕು ನಿಂತುಬಿಡುತ್ತದೆ. ಎಲ್ಲ ಪದರಗಳನ್ನೂ ಸೀಳಿಕೊಂಡು ಹೋಗುವುದು ಸ್ತರಭಂಗದ (ಬಂಡೆ ಒಡೆದು ಎರಡು ಬದಿಗಳು ಒಂದಕ್ಕೊಂದು ಜಾರಿದ ಸೀಳಿನ) ಜೊತೆ ಬಂದ ಬಿರುಕು ಗುಚ್ಛ. ಈ ಎರಡು ಜಾತಿಗಳನ್ನು ಒಂದೇ ಸಾಂದ್ರತೆಯ ಸಂಖ್ಯೆಯಲ್ಲಿ ಕೂಡಿಸುವುದೇ ನನ್ನ ಮಟ್ಟಿಗೆ ದೊಡ್ಡ ತಪ್ಪು. ಪದರದೊಳಗೆ ನಿಲ್ಲುವ ಬಿರುಕು ಬಂಡೆಯ ರಂಧ್ರಗಳಿಂದ ಎಣ್ಣೆಯನ್ನು ಬಸಿದು ಕೊಡುತ್ತದೆ. ಪದರಗಳನ್ನು ದಾಟುವ ಬಿರುಕು ಅದನ್ನು ದೂರಕ್ಕೆ ಸಾಗಿಸುತ್ತದೆ, ಕೆಳಗೆ ನೀರಿದ್ದರೆ ನೀರನ್ನೂ ಮೇಲಕ್ಕೆ ತರುತ್ತದೆ. ನಿಮ್ಮ ಮೂರನೆಯ ಬಾವಿ ಇಂಥದ್ದೊಂದನ್ನು ಮುಟ್ಟಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಬಿರುಕುಗಳು ಕೆಲವೇ, ಹರಿವು ಜೋರು, ನೀರು ಬೇಗ: ಮೂರೂ ಲಕ್ಷಣಗಳು ಒಂದೇ ಕಡೆ ಬೆರಳು ತೋರಿಸುತ್ತವೆ.

ಇಂದಿನ ಒತ್ತಡದ ದಿಕ್ಕಿನ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ: ಗರಿಷ್ಠ ಅಡ್ಡ ಒತ್ತಡಕ್ಕೆ ಸಮಾನಾಂತರವಾದ ಬಿರುಕುಗಳು ಮಾತ್ರ ತೆರೆದಿರುತ್ತವೆ ಎಂದು. ಸಂಶೋಧಕರಾದ ಬಾರ್ಟನ್, ಝೋಬ್ಯಾಕ್ ಮತ್ತು ಮೂಸ್ 1995ರಲ್ಲಿ ತೋರಿಸಿದ್ದು ಇದಕ್ಕಿಂತ ಸೂಕ್ಷ್ಮವಾದ ವಿಷಯ. ಇಂದಿನ ಒತ್ತಡದಲ್ಲಿ ಜಾರುವ ಅಂಚಿನಲ್ಲಿರುವ ಬಿರುಕುಗಳು ನೀರು ಸಾಗಿಸುವುದು ಹೆಚ್ಚು ಎಂಬುದು ಅವರ ಕಾಣ್ಕೆ. ಆ ಅಳತೆಗಳು ಮುಖ್ಯವಾಗಿ ಗ್ರಾನೈಟಿನಂಥ ಹರಳುಶಿಲೆಗಳಲ್ಲಿ ಕೊರೆದ ಬಾವಿಗಳವು. ಕರಗುವ, ಹರಳಿನ ಸೇತುವೆ ಕಟ್ಟಿಕೊಳ್ಳುವ ಸುಣ್ಣಕಲ್ಲಿನಲ್ಲಿ ಒತ್ತಡಕ್ಕೆ ಅಡ್ಡಲಾಗಿ ನಿಂತ ಬಿರುಕು ಧಾರಾಳವಾಗಿ ಹರಿದದ್ದೂ ಉಂಟು. ಒತ್ತಡವನ್ನು ಒಂದು ಸಾಕ್ಷಿಯಾಗಿ ಇಟ್ಟುಕೊಳ್ಳಿ, ತೀರ್ಪುಗಾರನಾಗಿ ಅಲ್ಲ. ಒಂದು ಸಂಗತಿಯಂತೂ ಖಚಿತ: ಉತ್ಪಾದನೆಯಿಂದ ನಿಕ್ಷೇಪದ ದ್ರವದ ಒತ್ತಡ ಇಳಿದಂತೆ ಬಿರುಕಿನ ಗೋಡೆಗಳ ಮೇಲೆ ಬಂಡೆಯ ಭಾರ ಹೆಚ್ಚುತ್ತದೆ, ಆಧಾರವಿಲ್ಲದ ಬಿರುಕುಗಳು ಕಿರಿದಾಗುತ್ತವೆ. ಮೊದಲ ಬಾವಿಯನ್ನು ಅತಿಯಾಗಿ ತೆರೆದು ಓಡಿಸಬೇಡಿ.

ಸೀಸ್ಮಿಕ್ ಬಿರುಕನ್ನು ನೋಡುತ್ತದೆ ಎಂಬ ಮಾತು ಮಾರಾಟದ ಕೊಠಡಿಯಲ್ಲಿ ಬಹಳ ಕೇಳಿಬರುತ್ತದೆ. ಸುಣ್ಣಕಲ್ಲಿನಲ್ಲಿ ಅಲೆಯ ವೇಗ ಸೆಕೆಂಡಿಗೆ ಸುಮಾರು 5,000 ಮೀಟರ್, ಆಳದಲ್ಲಿ ಸಿಗುವ ಆವರ್ತನ 30 ಹರ್ಟ್ಸ್ ಎಂದಿಟ್ಟುಕೊಂಡರೆ ತರಂಗದೂರ 167 ಮೀಟರ್ ಬರುತ್ತದೆ. ಅದರ ನಾಲ್ಕನೆಯ ಒಂದು ಭಾಗ, ಅಂದರೆ 40 ಮೀಟರಿಗಿಂತ ತೆಳುವಾದುದನ್ನು ಬೇರ್ಪಡಿಸಿ ತೋರಿಸಲು ಆ ಅಲೆಗೆ ಸಾಧ್ಯವಿಲ್ಲ. ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನು ಅದು ಹೇಗೆ ಕಂಡೀತು? ಅದು ಕಾಣುವುದು ಎರಡನ್ನು. ಮೊದಲನೆಯದು ಸ್ತರಭಂಗಗಳು, ಅವುಗಳ ಪಕ್ಕದ ಒಡೆದ ವಲಯಗಳು. ಎರಡನೆಯದು, ಒಂದೇ ದಿಕ್ಕಿನ ಬಿರುಕುಗಳು ಒತ್ತಾಗಿ ಇದ್ದಾಗ ಅಲೆಯ ವೇಗವೂ ಪ್ರತಿಫಲನದ ಬಲವೂ ದಿಕ್ಕಿನಿಂದ ದಿಕ್ಕಿಗೆ ಬದಲಾಗುವುದು. ಎಲ್ಲ ದಿಕ್ಕುಗಳಿಂದಲೂ ದೂರ ದೂರದವರೆಗೆ ಅಳೆದ ಸಮೀಕ್ಷೆ ನಿಮ್ಮಲ್ಲಿ ಇದ್ದರೆ ಈ ಎರಡನೆಯದು ಉಪಯುಕ್ತ. ಆಗಲೂ ಒತ್ತಡದ ಅಸಮತೆ, ಮೇಲಿನ ಪದರಗಳ ಓರೆ, ಕೆಲವೊಮ್ಮೆ ಲೆಕ್ಕದಲ್ಲೇ ಅಡಗಿರುವ 90 ಡಿಗ್ರಿಯ ಗೊಂದಲ (ಬಿರುಕಿನ ದಿಕ್ಕು ಯಾವುದು, ಅದಕ್ಕೆ ಅಡ್ಡಲಾದದ್ದು ಯಾವುದು ಎಂದು ತಿಳಿಯದಿರುವುದು), ಇವೆಲ್ಲ ಬಿರುಕಿನ ವೇಷ ಹಾಕಿ ಬರುತ್ತವೆ. ಕ್ಯಾಲ್ಸೈಟ್ ತುಂಬಿ ಗಟ್ಟಿಯಾದ ಬಿರುಕು ಅಲೆಗೆ ಬಂಡೆಯಾಗಿಯೇ ಕಾಣುತ್ತದೆ ಎಂಬುದೊಂದು ಅನುಕೂಲ.

ಯಂತ್ರಕಲಿಕೆಯ ಬಗ್ಗೆ ನನಗೆ ದ್ವೇಷವಿಲ್ಲ. ಇಮೇಜ್ ಲಾಗ್‌ನಲ್ಲಿ ಬಿರುಕುಗಳನ್ನು ಗುರುತಿಸುವ ಬೇಸರದ ಕೆಲಸಕ್ಕೆ, ಸೀಸ್ಮಿಕ್ ಘನದಲ್ಲಿ ಸ್ತರಭಂಗಗಳನ್ನು ಎಳೆಯುವುದಕ್ಕೆ ನಾನೇ ಅದನ್ನು ಬಳಸುತ್ತೇನೆ, ಬಹಳ ಸಮಯ ಉಳಿದಿದೆ. ಆದರೆ ಬಿರುಕಿನ ಮುನ್ಸೂಚನೆಗೆ ಅದು ಕಲಿಯಬೇಕಾದ ಪಾಠ ನಿಮ್ಮ ಬಾವಿಗಳಲ್ಲಿದೆ, ಇರುವುದು ಮೂರೇ ಬಾವಿಗಳು. ಇಪ್ಪತ್ತು ಸೀಸ್ಮಿಕ್ ಗುಣಲಕ್ಷಣಗಳನ್ನು ಮೂರು ಬಾವಿಗಳಿಗೆ ಹೊಂದಿಸಿದರೆ ಯಾವುದಾದರೂ ಒಂದು ಕಾಕತಾಳೀಯವಾಗಿ ಹೊಂದಿಯೇ ತೀರುತ್ತದೆ. ಆ ಸಂಸ್ಥೆಯವರಿಗೆ ಎರಡು ಬಾವಿಗಳ ದತ್ತಾಂಶ ಮಾತ್ರ ಕೊಡಿ, ಮೂರನೆಯದನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಅಲ್ಲಿ ಬಿರುಕು ಎಷ್ಟಿದೆ ಎಂದಷ್ಟೇ ಅಲ್ಲ, ಬಾವಿ ಹರಿಯುತ್ತದೆಯೇ, ನೀರು ಬರುತ್ತದೆಯೇ ಎಂದು ಕೇಳಿ. ಒಪ್ಪದಿದ್ದರೆ ಒಪ್ಪಂದ ಬೇಡ.

ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ದ್ರವದ ನಡವಳಿಕೆಯನ್ನು. ಮೊದಲ ಬಾವಿಯಲ್ಲಿ ಮಡ್ ಯಾವ ಆಳದಲ್ಲಿ, ಎಷ್ಟು ರಭಸದಿಂದ ಸೋರಿತು ಎಂಬ ದಾಖಲೆ ರಿಗ್ಗಿನ ದಿನಚರಿಯಲ್ಲಿ ಇರುತ್ತದೆ. ಒಮ್ಮೆಲೇ ಸೋರಿ ಆಮೇಲೆ ನಿಧಾನವಾದರೆ ಬಿರುಕು, ನಿಲ್ಲದೆ ಸೋರುತ್ತಲೇ ಇದ್ದು ಕೊರೆಯುವ ಬಿಟ್ ಒಂದಿಷ್ಟು ದೂರ ಸುಮ್ಮನೆ ಕುಸಿದರೆ ಕರಗಿ ಆದ ಪೊಳ್ಳು ಎಂದು ಶಂಕಿಸಬೇಕು. ಉತ್ಪಾದನಾ ಲಾಗ್ ಓಡಿಸಿ ಎಣ್ಣೆ ಯಾವ ಮೀಟರಿನಿಂದ ಬರುತ್ತಿದೆ, ಮೂರನೆಯದರಲ್ಲಿ ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಿರಿ. ನೂರು ಬಿರುಕುಗಳಲ್ಲಿ ಒಂದೆರಡೇ ಇಡೀ ಹರಿವನ್ನು ಹೊರುತ್ತಿರುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಬಾವಿಯನ್ನು ಮುಚ್ಚಿ ಒತ್ತಡ ಏರುವುದನ್ನು ಅಳೆಯಿರಿ. ಬಿರುಕುಬಿಟ್ಟ ಬಂಡೆಯಲ್ಲಿ ಒತ್ತಡದ ರೇಖಾಚಿತ್ರ ಹೇಗಿರುತ್ತದೆ ಎಂದು ಸಂಶೋಧಕರಾದ ವಾರೆನ್ ಮತ್ತು ರೂಟ್ 1963ರಲ್ಲಿ ವಿವರಿಸಿದ ಎರಡು ಸಮಾನಾಂತರ ಗೆರೆಗಳು ಕಾಣದಿದ್ದರೆ ಬಿರುಕಿನ ಪಾತ್ರವಿಲ್ಲ ಎಂದು ತಿಳಿಯಬೇಡಿ. ಮೊದಲ ಗೆರೆ ಬಾವಿಯೊಳಗಿನ ದ್ರವದ ಪರಿಣಾಮದಲ್ಲಿ ಮುಚ್ಚಿಹೋಗುವುದು ಮಾಮೂಲು.

ಈಗ ನಾಲ್ಕನೆಯ ಬಾವಿ. ನೆತ್ತಿಯ ಮೇಲೆ ಮತ್ತೊಂದು ಲಂಬ ಬಾವಿಯ ಪರವಾಗಿ ಇರುವುದು ಅಗ್ಗ ಎಂಬ ಒಂದೇ ಮಾತು, ಆ ಶೇಕಡಾ 4ರ ಲೆಕ್ಕವನ್ನು ಮರೆಯದಿದ್ದರೆ ಅದೂ ನಿಲ್ಲುವುದಿಲ್ಲ. ಟೆಕ್ಸಸ್‌ನ ಆಸ್ಟಿನ್ ಚಾಕ್ ಎಂಬ ಮೆದು ಸುಣ್ಣಕಲ್ಲಿನ ನಿಕ್ಷೇಪದಲ್ಲಿ ದಶಕಗಳ ಕಾಲ ಲಂಬ ಬಾವಿಗಳಲ್ಲಿ ಒಂದು ಹರಿದರೆ ಪಕ್ಕದ್ದು ಒಣಗುತ್ತಿತ್ತು. 1980ರ ದಶಕದ ಕೊನೆಯ ಹೊತ್ತಿಗೆ ಬಿರುಕುಗಳಿಗೆ ಅಡ್ಡಲಾಗಿ ಸಮತಲ ಬಾವಿ ಕೊರೆಯತೊಡಗಿದ ಮೇಲೆ ಅದೇ ಬಂಡೆ ಬೇರೆಯೇ ಆಯಿತು. ಬಂಡೆ ಬದಲಾಗಿರಲಿಲ್ಲ, ಬಾವಿಯ ದಿಕ್ಕು ಬದಲಾಗಿತ್ತು. ನಿಮಗೂ ಮುಖ್ಯ ಬಿರುಕು ಗುಂಪಿಗೆ ಅಡ್ಡಲಾದ ಓರೆ ಬಾವಿಯೇ ಸರಿ.

ಅದರ ಅಪಾಯಗಳನ್ನೂ ಹೇಳುತ್ತೇನೆ. ಹತ್ತಾರು ಬಿರುಕುಗಳನ್ನು ದಾಟುವ ಬಾವಿ ನೀರಿನ ದಾರಿಯನ್ನೂ ದಾಟಬಹುದು, ದಾಟಿದರೆ ಇಡೀ ಬಾವಿಯೇ ನೀರಿನ ಪಾಲು. ಆದ್ದರಿಂದ ಬಾವಿಯ ಉದ್ದವನ್ನು ಪ್ಯಾಕರ್‌ಗಳಿಂದ (ಬಾವಿಯೊಳಗೆ ತಡೆಯಾಗಿ ಕೂರುವ ಬಿರಟೆಗಳಿಂದ) ತುಂಡು ತುಂಡಾಗಿ ಪ್ರತ್ಯೇಕಿಸಲು ಆಗುವಂತೆ ಮೊದಲೇ ಯೋಜಿಸಿ, ಬರಿಗೋಡೆಯ ಬಾವಿಯಾಗಿ ಬಿಡಬೇಡಿ. ಇನ್ನೊಂದು ಅಪಾಯ ಇದಕ್ಕಿಂತ ಗಂಭೀರ. ಮಡ್ ಪೂರ್ತಿ ಸೋರಿಹೋದಾಗ ಬಾವಿಯೊಳಗಿನ ದ್ರವದ ಮಟ್ಟ ಕುಸಿಯುತ್ತದೆ, ಒಂದು ಬಿರುಕು ಮಡ್ ಕುಡಿಯುತ್ತಿರುವಾಗಲೇ ಇನ್ನೊಂದರಿಂದ ಅನಿಲ ನುಗ್ಗಬಹುದು. ಸುಣ್ಣಕಲ್ಲಿನ ನಿಕ್ಷೇಪಗಳಲ್ಲಿ ವಿಷಾನಿಲವಾದ ಹೈಡ್ರೋಜನ್ ಸಲ್ಫೈಡ್ ಅಪರೂಪವಲ್ಲ. ಬಿರುಕುಗಳ ಮುನ್ಸೂಚನೆಯನ್ನು ಉತ್ಪಾದನಾ ತಂಡಕ್ಕಿಂತ ಮೊದಲು ಕೊರೆಯುವ ತಂಡಕ್ಕೆ ಕೊಡಿ. ಅಲ್ಲಿ ಅದು ಜನರ ಜೀವದ ಪ್ರಶ್ನೆ.

ಎರಡನೆಯ ಬಾವಿಗೆ ಆಮ್ಲ ಹಾಕಿ ಒತ್ತಡದಿಂದ ಸೀಳುವ ಸಲಹೆಯೂ ಬರುತ್ತದೆ. ಕ್ಯಾಲ್ಸೈಟ್ ಆಮ್ಲದಲ್ಲಿ ಕರಗುತ್ತದೆ ನಿಜ. ಆದರೆ ಆಮ್ಲ ಸುಲಭದ ದಾರಿ ಹಿಡಿಯುತ್ತದೆ, ಮುಚ್ಚಿದ ಬಿರುಕು ಸುಲಭದ ದಾರಿಯಲ್ಲ. ಫಲ ಸಿಕ್ಕಬಹುದು, ಬಾವಿಯ ಸುತ್ತ ಕೆಲವು ಹತ್ತು ಮೀಟರುಗಳಾಚೆ ಅದನ್ನು ನಿರೀಕ್ಷಿಸಬೇಡಿ. ಮುಂದೆ ನೀರು ತುಂಬಿ ಎಣ್ಣೆ ತಳ್ಳುವ ಯೋಚನೆ ಬಂದರೆ ನಾರ್ವೆಯ ಎಕೋಫಿಸ್ಕ್ ತೈಲಕ್ಷೇತ್ರದ ಉದಾಹರಣೆಯನ್ನು ಯಾರಾದರೂ ಎತ್ತುತ್ತಾರೆ. ಅಲ್ಲಿ 1987ರಲ್ಲಿ ದೊಡ್ಡ ಪ್ರಮಾಣದಲ್ಲಿ ಶುರುವಾದ ನೀರಿನ ತುಂಬುವಿಕೆ ಯಶಸ್ವಿಯಾದದ್ದು ಆ ಚಾಕ್ ಬಂಡೆ ಬಿರುಕಿನಿಂದ ನೀರನ್ನು ತಾನಾಗಿ ಹೀರಿಕೊಂಡು ಎಣ್ಣೆಯನ್ನು ಹೊರದೂಡುತ್ತದೆ ಎಂಬ ಕಾರಣಕ್ಕೆ. ಅನೇಕ ಸುಣ್ಣಕಲ್ಲುಗಳ ರಂಧ್ರದ ಗೋಡೆಗೆ ಎಣ್ಣೆಯೇ ಅಂಟಿಕೊಂಡಿರುತ್ತದೆ, ಅವು ನೀರನ್ನು ಹೀರುವುದಿಲ್ಲ. ನಿಮ್ಮ ಕೋರ್‌ನಲ್ಲಿ ಪರೀಕ್ಷಿಸದೆ ಆ ಹೋಲಿಕೆಯನ್ನು ಒಪ್ಪಬೇಡಿ.

ನನ್ನ ಆಯ್ಕೆ ಕೇಳಿದರೆ, ಹೊಸ ಬಾವಿಗೆ ಮುನ್ನ ಒಂದು ಪರೀಕ್ಷೆ ಮಾಡಿ. ಮೊದಲ ಮತ್ತು ಮೂರನೆಯ ಬಾವಿಗಳನ್ನು ಮುಚ್ಚಿ ಮೂರರಲ್ಲೂ ಒತ್ತಡಮಾಪಕಗಳನ್ನು ಇಳಿಸಿ. ಆಮೇಲೆ ಮೊದಲನೆಯದನ್ನು ಮಾತ್ರ ತೆರೆದು ಉಳಿದೆರಡರಲ್ಲಿ ಒತ್ತಡ ಇಳಿಯುತ್ತದೆಯೇ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ನೋಡಿ. ಮೂರನೆಯದು ಕೆಲವು ಗಂಟೆಗಳಲ್ಲೇ ಪ್ರತಿಕ್ರಿಯಿಸಿದರೆ ಎರಡೂ ಒಂದೇ ಬಿರುಕು ಗುಚ್ಛದ ಮೇಲೆ ಕುಳಿತಿವೆ, ಮೊದಲನೆಯದಕ್ಕೂ ನೀರು ಬರುವ ದಿನ ದೂರವಿಲ್ಲ. ಆಗ ನಾಲ್ಕನೆಯ ಬಾವಿಯನ್ನು ಆ ಗುಚ್ಛದಿಂದ ದೂರ, ಪದರದೊಳಗಿನ ಬಿರುಕುಗಳಿರುವ ಡಾಲಮೈಟ್‌ನಲ್ಲಿ, ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲೆ ಓರೆಯಾಗಿ ಕೊರೆಯಿರಿ. ಪ್ರತಿಕ್ರಿಯೆಯೇ ಬಾರದಿದ್ದರೆ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ ಎಂದು ಅರ್ಥ. ಆಗ ಎರಡನೆಯ ಬಾವಿಯ ಪಕ್ಕದಿಂದಲೇ ಕವಲು ಕೊರೆದು ಹತ್ತಿರದ ಸ್ತರಭಂಗದ ಒಡೆದ ವಲಯದ ಕಡೆಗೆ ಹೋಗಿ. ಹೊಸ ಬಾವಿಗಿಂತ ಕಡಿಮೆ ವೆಚ್ಚದಲ್ಲಿ ಆ ಲಂಬ ಬಾವಿ ತಪ್ಪಿಸಿಕೊಂಡ ಬಿರುಕುಗಳು ಸಿಗಬಹುದು. ಸ್ತರಭಂಗದ ನಡುಮಧ್ಯಕ್ಕೆ ಮಾತ್ರ ಹೋಗಬೇಡಿ. ಸುಣ್ಣಕಲ್ಲಿನಲ್ಲಿ ಅದು ಅರೆದು ಹಿಟ್ಟಾಗಿ, ಬೆಸೆದು ಗೋಡೆಯಂತಾಗಿರುವುದು ಹೆಚ್ಚು. ಒಡೆದ ವಲಯ ಇರುವುದು ಅದರ ಇಕ್ಕೆಲದಲ್ಲಿ.

ಪರೀಕ್ಷೆಗಾಗಿ ಉತ್ಪಾದನೆ ನಿಲ್ಲಿಸುವುದಕ್ಕೆ ಮೇಲಧಿಕಾರಿಗಳು ಒಪ್ಪುವುದಿಲ್ಲ ಎಂದು ನೀವು ಹೇಳಬಹುದು. ಕೆಲವು ದಿನಗಳ ಎಣ್ಣೆಯ ಬೆಲೆಯನ್ನು ಒಂದು ಒಣ ಬಾವಿಯ ಬೆಲೆಯ ಪಕ್ಕದಲ್ಲಿ ಬರೆದು ತೋರಿಸಿ. ಅವರು ಕೇಳಿದ ಸಾಂದ್ರತೆಯ ನಕ್ಷೆಯ ಜಾಗದಲ್ಲಿ ಮೂರು ನಕ್ಷೆಗಳನ್ನು ಇಡಿ: ಬಿರುಕುಗಳು ಮಡಿಕೆಗಿಂತ ಹಳೆಯವು ಎಂದಾದರೆ ಒಂದು, ಮಡಿಕೆಯ ಜೊತೆ ಹುಟ್ಟಿದವು ಎಂದಾದರೆ ಇನ್ನೊಂದು, ಸ್ತರಭಂಗದ ಸುತ್ತ ಮಾತ್ರ ಇವೆ ಎಂದಾದರೆ ಮತ್ತೊಂದು. ಪ್ರತಿಯೊಂದರ ಕೆಳಗೆ ಈಗಿರುವ ಮೂರು ಬಾವಿಗಳ ನಡವಳಿಕೆಯನ್ನು ಅದು ಎಷ್ಟರಮಟ್ಟಿಗೆ ವಿವರಿಸುತ್ತದೆ ಎಂದು ಬರೆಯಿರಿ. ಮೂರರಲ್ಲೂ ಒಳ್ಳೆಯದಾಗಿ ಕಾಣುವ ಜಾಗ ಒಂದಿದ್ದರೆ ಚರ್ಚೆ ಬೇಗ ಮುಗಿಯುತ್ತದೆ. ಇಲ್ಲದಿದ್ದರೆ ಯಾವ ಅಳತೆ ಮಾಡಿದರೆ ಮೂರರಲ್ಲಿ ಒಂದನ್ನು ಕೈಬಿಡಬಹುದು ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಅದಕ್ಕೂ ಮೊದಲು ನಾಳೆ ಬೆಳಿಗ್ಗೆ ಕೋರ್ ಕೊಠಡಿಗೆ ಹೋಗಿ, ಆ 27 ಮೀಟರಿನಲ್ಲಿ ಕಾಣೆಯಾದ ತುಣುಕುಗಳ ಆಳವನ್ನು ಪಟ್ಟಿ ಮಾಡಿ ನನಗೆ ಕಳುಹಿಸಿ. ಮಡ್ ದಾಖಲೆಯ ಜೊತೆ ಅದನ್ನು ಇಬ್ಬರೂ ಕೂಡಿ ನೋಡೋಣ.